ಅಲಿಯ ಎದುರು ಟೈಸನ್ ನಿಂತಿದ್ದರೆ? ಬೇರೆ ಬೇರೆ ಕಾಲದ ಬಾಕ್ಸರ್‌ಗಳ ಹೋಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕಡಲತೀರದಲ್ಲಿ ಸಂಜೆ ಹೊತ್ತು ನಾವು ಐದಾರು ಜನ ಸೇರುತ್ತೇವೆ. ಅಂಕೋಲೆ ಕಡೆಯ ಒಬ್ಬ ನಿವೃತ್ತ ಮಾಸ್ತರರು, ಬೈತಖೋಲದಲ್ಲಿ ಬೋಟಿಗೆ ಹೋಗುವ ಇಬ್ಬರು, ನೇಮಕಾತಿಗೆಂದು ಮರಳಿನ ಮೇಲೆ ಓಡಿ ಬೆವರು ಸುರಿಸಿಕೊಂಡು ಬಂದು ಕೂರುವ ಹುಡುಗರು, ಮತ್ತೆ ನಾನು. ಮಾತು ಎಲ್ಲಿಂದ ಶುರುವಾದರೂ ಬಾಕ್ಸಿಂಗ್‌ಗೆ ಬಂದು ನಿಲ್ಲುತ್ತದೆ. ಅದರಲ್ಲಿಯೂ ಎಂದೂ ಎದುರುಬದುರಾಗದ ಇಬ್ಬರ ಬಗ್ಗೆಯೇ ವಾದ ಹೆಚ್ಚು. ಮಳೆ ಹಿಡಿದರೆ ಅದೇ ವಾದ ನಮ್ಮ ಮನೆಯ ಜಗುಲಿಗೆ ಬರುತ್ತದೆ. ವರ್ಷಗಳಿಂದ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೂ ನಾನು ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಅಂಕಣ ಗೊತ್ತುಮಾಡಿ, ಆಮೇಲೆ ಆಳುಗಳನ್ನು ಇಳಿಸಿ. ಯಾವ ವರ್ಷದ ದೇಹ, ಯಾರ ಕಾಲದ ನಿಯಮ, ಎಷ್ಟು ಸುತ್ತು ಎಂಬುದನ್ನು ಹೇಳದೆ ‘ಯಾರು ಗೆಲ್ಲುತ್ತಾರೆ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹೇಳಿ ಕೇಳಿದರೆ ಬಹಳ ಸಲ ಸಿಗುತ್ತದೆ.

ಸುತ್ತಿ ಬಳಸದೆ ಹೇಳಿ: ಅಲಿ ಗೆಲ್ಲುತ್ತಾರೋ, ಟೈಸನ್ ಗೆಲ್ಲುತ್ತಾರೋ?

1966ರ ಮುಹಮ್ಮದ್ ಅಲಿ, 1988ರ ಮೈಕ್ ಟೈಸನ್, 15 ಸುತ್ತು ಎಂದಾದರೆ ಅಲಿ.

ವರ್ಷವನ್ನು ಸುಮ್ಮನೆ ಹೇಳಲಿಲ್ಲ. 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲೆಂಡ್ ವಿಲಿಯಮ್ಸ್ ಅವರನ್ನು ಅಲಿ ಮೂರೇ ಸುತ್ತಿನಲ್ಲಿ ಮುಗಿಸಿದರು. ಆ ಪಂದ್ಯದಲ್ಲಿ ಅವರ ಕೈಗಿಂತ ಕಾಲುಗಳನ್ನು ನೋಡಬೇಕು. ಗುದ್ದು ಬರುವ ಜಾಗದಲ್ಲಿ ಅವರು ಇರುವುದೇ ಇಲ್ಲ. ಮರುವರ್ಷ ಸೇನೆಗೆ ಸೇರಲು ಒಪ್ಪದೆ ಪ್ರಶಸ್ತಿ ಕಳೆದುಕೊಂಡರು, ಆಡುವುದಕ್ಕೂ ನಿಷೇಧ ಬಿತ್ತು. 1970ರಲ್ಲಿ ಮರಳಿದಾಗ ಆ ಕಾಲುಗಳು ಮರಳಿರಲಿಲ್ಲ. ಇತ್ತ ಟೈಸನ್ 20ನೆಯ ವಯಸ್ಸಿನಲ್ಲಿ, 1986ರಲ್ಲಿ ಹೆವಿವೇಟ್ ಚಾಂಪಿಯನ್ ಆದವರು. 1988ರ ಜೂನ್‌ನಲ್ಲಿ ಮೈಕೆಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡಿನಲ್ಲಿ ಕೆಡವಿದ ರಾತ್ರಿ ಅವರು ತಮ್ಮ ಶಿಖರದಲ್ಲಿದ್ದರು. ಅಲಿಯ ಎತ್ತರ 191 ಸೆಂ.ಮೀ., ಟೈಸನ್‌ರದು 178. ತೂಕದಲ್ಲಿ ಮಾತ್ರ ಟೈಸನ್ ಎರಡು ಮೂರು ಕಿಲೊ ಹೆಚ್ಚೇ.

ಮೊದಲ ನಾಲ್ಕು ಸುತ್ತು ನನಗೂ ಭಯವಿದೆ. ಅಲಿಗೆ ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು, ಎಂದಿಗೂ ಗಂಡಾಂತರವೇ ಆಗಿತ್ತು. 1963ರಲ್ಲಿ ಲಂಡನ್‌ನಲ್ಲಿ ಹೆನ್ರಿ ಕೂಪರ್ ಅದೇ ಗುದ್ದಿನಿಂದ ಅವರನ್ನು ಹಗ್ಗದ ಬುಡಕ್ಕೆ ಕೂರಿಸಿದರು. 1971ರಲ್ಲಿ ಜೋ ಫ್ರೇಜಿಯರ್ 15ನೆಯ ಸುತ್ತಿನಲ್ಲಿ ಅದರಿಂದಲೇ ಮಲಗಿಸಿದರು. ಟೈಸನ್‌ರ ಎಡಗೈ ಹುಕ್ ಇನ್ನೂ ಗಿಡ್ಡ, ಇನ್ನೂ ಚುರುಕು. ಆದರೆ ಅದನ್ನು ಹೊಡೆಯಲು ಅವರು ಒಳಗೆ ಬರಬೇಕು, ಬರುವ ದಾರಿಯಲ್ಲಿ ಅಲಿಯ ಜ್ಯಾಬ್, ಅಂದರೆ ಮುಂದಿನ ಕೈ ನೇರ ಚಾಚಿ ಹೊಡೆಯುವ ಗುದ್ದು, ಇದೆ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ, ಬಾಜಿಯವರು 42ಕ್ಕೆ 1ರ ದರ ಕಟ್ಟಿದ್ದ ಬಸ್ಟರ್ ಡಗ್ಲಾಸ್ ತೋರಿಸಿದ್ದು ಇದನ್ನೇ: ಉದ್ದ ತೋಳಿನ ಜ್ಯಾಬ್ ಹೊಡೆ, ಒಳಗೆ ಬಂದರೆ ತಬ್ಬಿ ಹಿಡಿ, ಹೆದರಬೇಡ. ಈ ಮೂರನ್ನೂ ಅಲಿ ಡಗ್ಲಾಸ್‌ಗಿಂತ ಚೆನ್ನಾಗಿ ಬಲ್ಲವರು. ಐದನೆಯ ಸುತ್ತು ದಾಟಿದರೆ ಪಂದ್ಯ ಅಲಿಯ ಕಡೆ ವಾಲುತ್ತದೆ. ಹತ್ತು ಹನ್ನೊಂದನೆಯ ಸುತ್ತಿನಲ್ಲಿ ರೆಫರಿ ನಿಲ್ಲಿಸುತ್ತಾರೆ ಎಂಬುದು ನನ್ನ ಲೆಕ್ಕ.

ಫೋರ್‌ಮನ್ ಗುದ್ದು ತಿಂದು ಗೆದ್ದ ಅಲಿಗೆ ಟೈಸನ್ ಯಾವ ಲೆಕ್ಕ?

ಇದು ಮಾಸ್ತರರ ಪ್ರಶ್ನೆ. ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಈ ವಾದದಲ್ಲಿ ಹುಳುಕಿದೆ. ಫೋರ್‌ಮನ್‌ರ ಗುದ್ದು ಬಹುಶಃ ಟೈಸನ್‌ರದಕ್ಕಿಂತ ಭಾರ. ಆದರೆ ಅದು ದೂರದಿಂದ, ಬಳಸಿ ಬರುತ್ತಿತ್ತು, ಅಲಿಗೆ ಕಾಣುತ್ತಿತ್ತು. ಕಂಡ ಗುದ್ದಿಗೆ ಕತ್ತು ಬಿಗಿಯುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಟೈಸನ್‌ರದು ಕೆಳಗಿನಿಂದ, ಪಕ್ಕೆಗೆ ಒಂದು ಕೊಟ್ಟು ಅದೇ ಕೈಯಿಂದ ಗದ್ದಕ್ಕೆ ಇನ್ನೊಂದು. ಮನುಷ್ಯನನ್ನು ಮಲಗಿಸುವುದು ಕಾಣದೆ ಬಂದ ಗುದ್ದು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಫೋರ್‌ಮನ್‌ರನ್ನು ದಣಿಸಿದ ಉಪಾಯವನ್ನು ಟೈಸನ್ ಎದುರು ಮಾಡಿದರೆ ಅಲಿ ಸೋಲುತ್ತಾರೆ. 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್ ಎದುರು ಬಳಲಿ ಬೆಂಡಾಗಿ ಗೆದ್ದ ಅಲಿಯನ್ನಂತೂ ಟೈಸನ್ ಮುಂದೆ ನಿಲ್ಲಿಸಲು ನನಗೆ ಮನಸ್ಸೇ ಇಲ್ಲ.

ನಡೆಯದ ಪಂದ್ಯದ ಬಗ್ಗೆ ಇಷ್ಟೊಂದು ಮಾತಾಡುವುದರಲ್ಲಿ ಅರ್ಥವಿದೆಯೇ?

ನಮ್ಮ ಜಿಲ್ಲೆಯವರು ಇದನ್ನು ಕೇಳಬಾರದು. ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಂದಲೇ ವಾಲಿಯೂ ರಾಮನೂ ಬೆಳಗಿನವರೆಗೆ ವಾದ ಮಾಡುತ್ತಾರೆ. ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು; ಆದರೂ ಈ ಸಲ ವಾಲಿಯ ಮಾತಿಗೆ ರಾಮ ಏನು ಉತ್ತರ ಕೊಟ್ಟಾನು ಎಂದು ಜನ ಚಳಿಯಲ್ಲಿ ಕೂರುತ್ತಾರೆ. ಮಾತಿನಲ್ಲಿ ಪಾತ್ರದ ಒಳಗು ತೆರೆದುಕೊಳ್ಳುತ್ತದೆ. ಬಾಕ್ಸರ್‌ಗಳ ಹೋಲಿಕೆಯೂ ನನಗೆ ಹಾಗೆಯೇ. ಟೈಸನ್‌ಗೆ ಅಲಿಯನ್ನು ಎದುರಿಟ್ಟು ನೋಡುವವರೆಗೆ ಅಲಿ ಎದುರಾಳಿಯ ಕತ್ತನ್ನು ಎಷ್ಟು ಸಲ ಹಿಡಿದು ಜಗ್ಗುತ್ತಿದ್ದರು ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ.

ಹಳೆಯ ಬಾಕ್ಸರ್‌ನನ್ನು ಇದ್ದ ಹಾಗೆಯೇ ತರಬೇಕೋ, ಇಂದಿನ ಆಹಾರ, ತರಬೇತಿ ಕೊಟ್ಟು ತರಬೇಕೋ?

ವಾದದ ಮುಕ್ಕಾಲು ಪಾಲು ಜಗಳ ಹುಟ್ಟುವುದು ಇದನ್ನು ಮೊದಲೇ ತೀರ್ಮಾನಿಸದ್ದರಿಂದ.

ಬೋಟಿನ ಹುಡುಗರಿಗೆ ನಾನು ರಂಪಣಿಯ ಉದಾಹರಣೆ ಕೊಡುತ್ತೇನೆ. ಇದೇ ದಂಡೆಯಲ್ಲಿ ಅವರ ಅಜ್ಜಂದಿರು ಹತ್ತಾರು ಜನ ಸಾಲಾಗಿ ನಿಂತು ರಂಪಣಿ ಬಲೆ ಎಳೆದವರು. ಆ ಅಜ್ಜನನ್ನು ಹಾಗೆಯೇ ಎತ್ತಿ ತಂದು ಇಂದಿನ ಪರ್ಸೀನ್ ಬೋಟಿನಲ್ಲಿ ನಿಲ್ಲಿಸಿದರೆ ಮೊದಲ ದಿನ ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯದು. ಆರು ತಿಂಗಳು ಬಿಟ್ಟರೆ ನೀರಿನ ಬಣ್ಣ ನೋಡಿ ಮೀನು ಹೇಳುವ ಅವನ ಕಣ್ಣಿನ ಮುಂದೆ ಯಾರೂ ನಿಲ್ಲಲಾರರು. ಇಂದಿನ ಹುಡುಗನನ್ನು ಅಂದಿನ ದಂಡೆಗೆ ಕಳಿಸಿದರೂ ಮೊದಲ ವಾರ ಅಂಗೈ ಸುಲಿದು ಹೋಗುತ್ತದೆ.

ಆದ್ದರಿಂದ ನಮ್ಮ ಜಗುಲಿಯ ಕಟ್ಟುಪಾಡು ಹೀಗಿದೆ: ಇಬ್ಬರನ್ನೂ ಅವರವರ ಅತ್ಯುತ್ತಮ ರಾತ್ರಿಯ ದೇಹದೊಂದಿಗೆ ತರಬೇಕು, ಯಾರ ಕಾಲದ ನಿಯಮವೆಂದು ಮೊದಲೇ ಹೇಳಬೇಕು, ಆ ನಿಯಮಕ್ಕೆ ಒಗ್ಗಿಕೊಳ್ಳಲು ಇನ್ನೊಬ್ಬರಿಗೆ ಕೆಲ ತಿಂಗಳು ಕೊಡಬೇಕು. ಜನ್ಮವನ್ನೇ ಬದಲಿಸಿ ‘ಜೋ ಲೂಯಿಸ್ 1990ರಲ್ಲಿ ಹುಟ್ಟಿದ್ದರೆ’ ಎನ್ನುವುದು ಬೇಡ. ಆಗ ಆತ ಜೋ ಲೂಯಿಸ್ ಆಗಿರುವುದಿಲ್ಲ.

ಓಟದಲ್ಲಿ, ಈಜಿನಲ್ಲಿ ದಾಖಲೆಗಳು ಮುರಿಯುತ್ತಲೇ ಇವೆ. ಹಾಗಾದರೆ ಇಂದಿನ ಬಾಕ್ಸರೇ ಮೇಲಲ್ಲವೇ?

ಗಡಿಯಾರದ ಎದುರು ಓಡುವ ಆಟದಲ್ಲಿ ಹೌದು. ಬಾಕ್ಸಿಂಗ್ ಇನ್ನೊಬ್ಬ ಮನುಷ್ಯನ ಎದುರು ಆಡುವ ಆಟ. ಇಂದಿನವರ ಸ್ನಾಯು, ಊಟ, ಗಾಯದ ಆರೈಕೆ ಎಲ್ಲವೂ ಉತ್ತಮ. ಆದರೆ ಶುಗರ್ ರೇ ರಾಬಿನ್‌ಸನ್ ವೃತ್ತಿಜೀವನದಲ್ಲಿ ಸುಮಾರು 200 ಪಂದ್ಯ ಆಡಿದರು. ಫ್ಲಾಯ್ಡ್ ಮೇವೆದರ್ ಆಡಿದ್ದು 50. ಇನ್ನೂರು ಸಲ ಬೇರೆ ಬೇರೆ ಮನುಷ್ಯರ ಮುಂದೆ ನಿಂತು ಕಲಿತದ್ದನ್ನು ಯಾವ ವ್ಯಾಯಾಮಶಾಲೆಯೂ ಕಲಿಸಲಾರದು. ಸಣ್ಣ ಸಣ್ಣ ವಿದ್ಯೆಗಳು, ಅಂದರೆ ಅಪ್ಪಿ ಹಿಡಿದಾಗ ಭುಜದಿಂದ ನೂಕುವುದು, ಎದುರಾಳಿಯ ಮುಂಗಾಲಿನ ಹೊರಗೆ ಕಾಲಿಡುವುದು, ಹಳಬರ ಪಂದ್ಯಗಳಲ್ಲಿ ಹೆಚ್ಚು ಕಾಣುತ್ತವೆ.

15 ಸುತ್ತು, 12 ಸುತ್ತು ಎಂದು ಯಾಕೆ ಅಷ್ಟು ಒತ್ತಿ ಹೇಳುತ್ತೀರಿ? ಮೂರೇ ಸುತ್ತಿನ ವ್ಯತ್ಯಾಸ ತಾನೇ?

ಇದು ನನಗೆ ಬಹಳ ಮುಖ್ಯವಾದ ಪ್ರಶ್ನೆ, ಉತ್ತರವೂ ಉದ್ದ.

1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು 14ನೆಯ ಸುತ್ತಿನಲ್ಲಿ ಬಿದ್ದ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸಾವಿನ ಬಳಿಕ ವಿಶ್ವ ಬಾಕ್ಸಿಂಗ್ ಮಂಡಳಿ ತನ್ನ ಪ್ರಶಸ್ತಿ ಪಂದ್ಯಗಳನ್ನು 12 ಸುತ್ತಿಗೆ ಇಳಿಸಿತು. ಉಳಿದ ಸಂಸ್ಥೆಗಳೂ ಆ ದಶಕ ಮುಗಿಯುವುದರೊಳಗೆ ಅದನ್ನೇ ಮಾಡಿದವು. ಸರಿಯಾದ ತೀರ್ಮಾನ. ನಾನು ಅದರ ವಿರುದ್ಧ ಒಂದು ಮಾತನ್ನೂ ಆಡುವುದಿಲ್ಲ.

ಆದರೆ ಹೋಲಿಸುವಾಗ ಇದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. 1941ರಲ್ಲಿ ಬಿಲ್ಲಿ ಕಾನ್ ಎದುರು ಜೋ ಲೂಯಿಸ್ ಅಂಕದಲ್ಲಿ ಹಿಂದಿದ್ದರು. 13ನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. 1952ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಾಟ್ ಎದುರು ರಾಕಿ ಮಾರ್ಸಿಯಾನೊ ಮೂವರು ತೀರ್ಪುಗಾರರ ಲೆಕ್ಕದಲ್ಲಿಯೂ ಸೋಲುತ್ತಿದ್ದರು. ಅವರ ಬಲಗೈ ಬಿದ್ದದ್ದು 13ನೆಯ ಸುತ್ತಿನಲ್ಲಿ. 1981ರಲ್ಲಿ ಥಾಮಸ್ ಹರ್ನ್ಸ್ ಎದುರು ಹಿಂದೆ ಬಿದ್ದಿದ್ದ ಶುಗರ್ ರೇ ಲೆನಾರ್ಡ್ ಗೆದ್ದದ್ದು 14ನೆಯದರಲ್ಲಿ. ಇಂದಿನ 12 ಸುತ್ತಿನ ಲೆಕ್ಕ ಹಿಡಿದರೆ ಈ ಮೂರೂ ಸೋಲುಗಳು. ಮಾರ್ಸಿಯಾನೊ ಅವರ ಹೆಸರಿನ ಜೊತೆ ಅಂಟಿಕೊಂಡ ‘49–0’ ಎಂಬ, ಅಂದರೆ 49 ಗೆಲುವು, ಸೋಲೇ ಇಲ್ಲ ಎಂಬ ಅಂಕಿಯೇ ಇರುತ್ತಿರಲಿಲ್ಲ.

ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಯಿಡೀ ನಡೆಯುವ ಆಟದಲ್ಲಿ ಎರಡು ಗಂಟೆಗೆ ರಂಗಕ್ಕೆ ಬರುವ ಮುಖ್ಯ ವೇಷಧಾರಿ ಬೆಳಗಿನ ತನಕ ಉಸಿರು ಹಂಚಿಕೊಂಡು ಕುಣಿಯುತ್ತಾನೆ. ಮೂರು ಗಂಟೆಯ ಕಾಲಮಿತಿ ಪ್ರದರ್ಶನದಲ್ಲಿ ಅದೇ ಪಾತ್ರ ಪ್ರವೇಶದಿಂದಲೇ ಬಿರುಸು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಬಯಲಾಟದಲ್ಲಿ ಕಂಡವರೂ ಕಾಲಮಿತಿಯಲ್ಲಿ ಕಂಡವರೂ ಬೇರೆ ಬೇರೆ ಕೀಚಕನನ್ನು ನೋಡಿದವರು. 15 ಸುತ್ತಿನ ಬಾಕ್ಸರ್‌ಗೆ ಎಂಟರಿಂದ ಹತ್ತನೆಯ ಸುತ್ತು ಉಸಿರು ತೆಗೆದುಕೊಳ್ಳುವ ಹೊತ್ತು. 12ರವನಿಗೆ ಅದೇ ದುಡಿಮೆಯ ಹೊತ್ತು. ಇಬ್ಬರನ್ನೂ ಒಂದೇ ರಿಂಗ್‌ಗೆ ಇಳಿಸುವ ಮೊದಲು ಗಂಟೆ ಎಷ್ಟು ಸಲ ಬಾರಿಸುತ್ತದೆ ಎಂದು ಹೇಳಲೇಬೇಕು.

ತೂಕವನ್ನು ಹೇಗೆ ಸರಿದೂಗಿಸುವುದು?

ಶಿರಸಿಯ ಅಡಿಕೆ ವಖಾರಿಗೆ ಹೋಗಿ ‘ಈ ರಾಶಿ ಮೇಲೋ, ಆ ಚಾಲಿ ಮೇಲೋ’ ಎಂದು ಕೇಳಿ ನೋಡಿ. ರಾಶಿಯನ್ನು ರಾಶಿಯ ಜೊತೆ ನೋಡುತ್ತಾರೆ, ಚಾಲಿಯನ್ನು ಚಾಲಿಯ ಜೊತೆ, ಬೆಟ್ಟೆಯನ್ನು ಬೆಟ್ಟೆಯ ಜೊತೆ. ಬಾಕ್ಸಿಂಗ್‌ನ ತೊಂದರೆಯೆಂದರೆ ‘ಹೆವಿವೇಟ್’ ಎಂಬ ಹೆಸರು ಹಾಗೇ ಉಳಿದು ಒಳಗಿನ ಮಾಲು ಬದಲಾಗಿದೆ. ಮಾರ್ಸಿಯಾನೊ ಸುಮಾರು 84 ಕಿಲೊ ತೂಗುತ್ತಿದ್ದರು. ಇಂದು ಅವರು ಹೆವಿವೇಟ್ ಅಲ್ಲವೇ ಅಲ್ಲ, 90.7 ಕಿಲೊ ಮಿತಿಯ ಕ್ರೂಸರ್‌ವೇಟ್‌ನಲ್ಲಿ ಇರುತ್ತಿದ್ದರು, ಅದೂ ಹಗುರದವರಾಗಿ.

ನಮ್ಮ ದೇಶದಲ್ಲಿಯೂ ಹಾಗೆಯೇ. 1966 ಮತ್ತು 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟಗಳೆರಡರಲ್ಲಿಯೂ ಚಿನ್ನ ಗೆದ್ದ ಹವಾ ಸಿಂಗ್ ಅವರ ಕಾಲದಲ್ಲಿ 81 ಕಿಲೊ ದಾಟಿದರೆ ಹೆವಿವೇಟ್. 1984ರ ಒಲಿಂಪಿಕ್ಸ್ ಹೊತ್ತಿಗೆ 91 ಕಿಲೊ ಮೀರಿದವರಿಗೆ ಸೂಪರ್ ಹೆವಿವೇಟ್ ಎಂಬ ಬೇರೆಯೇ ವರ್ಗ ಬಂತು. ಎರಡು ಏಷ್ಯನ್ ಚಿನ್ನದ ಆ ಮನುಷ್ಯನನ್ನು ಇಂದಿನ ದೈತ್ಯರ ಪಕ್ಕ ನಿಲ್ಲಿಸಿ ಸಣ್ಣವನೆಂದು ಹೇಳುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ಹಾಗೆಂದು ಗಾತ್ರವೇ ಎಲ್ಲವೂ ಅಲ್ಲ. 1935ರಲ್ಲಿ ಜೋ ಲೂಯಿಸ್ ತಮಗಿಂತ ಬಹಳ ಭಾರದ ಪ್ರಿಮೊ ಕಾರ್ನೆರಾ ಅವರನ್ನು ಆರನೆಯ ಸುತ್ತಿನಲ್ಲಿ ಮುಗಿಸಿದರು. ಕಾರ್ನೆರಾ ನುರಿತವರಲ್ಲ ಎನ್ನುವವರಿಗೆ 2024ರ ಮೇ ತಿಂಗಳ ರಿಯಾದ್ ಪಂದ್ಯ ತೋರಿಸುತ್ತೇನೆ: ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಒಲೆಕ್ಸಾಂಡರ್ ಉಸಿಕ್, 206 ಸೆಂ.ಮೀ. ಎತ್ತರದ ಟೈಸನ್ ಫ್ಯೂರಿಯನ್ನು ಸೋಲಿಸಿದರು, ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಸೋಲಿಸಿದರು. ಉಸಿಕ್‌ರ ಎತ್ತರ ಅಲಿಯಷ್ಟೇ. ಕಾಲು, ಕೋನ, ಉಸಿರು ಇದ್ದರೆ ಇಪ್ಪತ್ತು ಕಿಲೊವರೆಗೆ ತೂಗಿಸಿಕೊಳ್ಳಬಹುದು ಎಂದು ಈಗ ಕಣ್ಣಾರೆ ಕಂಡಿದ್ದೇವೆ. ಮಾರ್ಸಿಯಾನೊ ಫ್ಯೂರಿಯನ್ನು ಸೋಲಿಸುತ್ತಾರೆಯೇ ಎಂದರೆ, ಇಲ್ಲ. ಅಲ್ಲಿ ವ್ಯತ್ಯಾಸ ಮೂವತ್ತು ಕಿಲೊಗಿಂತ ಹೆಚ್ಚು, ಎತ್ತರ ಒಂದು ಮೊಳದಷ್ಟಲ್ಲದಿದ್ದರೂ ಒಂದು ಗೇಣು ಮೀರಿದ್ದು.

ಇನ್ನೊಂದು ಮಾತು ಸೇರಿಸಬೇಕು. ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಈಗ ಹಿಂದಿನ ದಿನ ನೋಡುತ್ತಾರೆ. ನೀರು ಬಿಟ್ಟು ತೂಕ ಇಳಿಸಿ, ಚೀಟಿ ಬರೆಸಿಕೊಂಡು, ರಾತ್ರಿಯೊಳಗೆ ಹಲವು ಕಿಲೊ ಏರಿಸಿಕೊಂಡು ಬರುವವರಿದ್ದಾರೆ. ಕೆಳಗಿನ ವರ್ಗಗಳಲ್ಲಿ ಹಳಬರನ್ನೂ ಹೊಸಬರನ್ನೂ ಹೋಲಿಸುವಾಗ ಚೀಟಿಯ ತೂಕ ನಂಬಬೇಡಿ.

‘ಪೌಂಡ್ ಫಾರ್ ಪೌಂಡ್’ ಎಂದರೇನು?

ಎಲ್ಲರೂ ಒಂದೇ ತೂಕದವರಾಗಿದ್ದರೆ ಯಾರು ಮೇಲು ಎಂಬ ಲೆಕ್ಕ. ಶುಗರ್ ರೇ ರಾಬಿನ್‌ಸನ್ ಅವರನ್ನು ಹೊಗಳುವಾಗಲೇ ಈ ಮಾತು ಮನೆಮಾತಾಯಿತು. ನನ್ನ ಪಟ್ಟಿಯಲ್ಲಿ ಇಂದಿಗೂ ಅವರೇ ಮೊದಲು.

ಎ ಬಿಯನ್ನು ಸೋಲಿಸಿದ, ಬಿ ಸಿಯನ್ನು ಸೋಲಿಸಿದ. ಹಾಗಾದರೆ ಎ ಸಿಯನ್ನು ಸೋಲಿಸುವುದು ಖಚಿತವಲ್ಲವೇ?

ಅಲ್ಲ. 1971ರಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದರು. 1973ರ ಜನವರಿಯಲ್ಲಿ ಫೋರ್‌ಮನ್ ಅದೇ ಫ್ರೇಜಿಯರ್‌ರನ್ನು ಎರಡು ಸುತ್ತಿನೊಳಗೆ ಆರು ಸಲ ಕೆಡವಿದರು. ಅದೇ ವರ್ಷ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದರು. 1974ರಲ್ಲಿ ಫೋರ್‌ಮನ್ ನಾರ್ಟನ್‌ರನ್ನೂ ಎರಡನೆಯ ಸುತ್ತಿನಲ್ಲಿ ಮುಗಿಸಿದರು. ನಿಮ್ಮ ಲೆಕ್ಕದಂತೆ ಆ ಅಕ್ಟೋಬರ್ 30ರಂದು ಫೋರ್‌ಮನ್ ಎದುರು ಅಲಿ ಒಂದು ಸುತ್ತೂ ನಿಲ್ಲಬಾರದಿತ್ತು. ಎಂಟನೆಯ ಸುತ್ತಿನಲ್ಲಿ ಬಿದ್ದವರು ಫೋರ್‌ಮನ್. ಫ್ರೇಜಿಯರ್ ಎಂದಿಗೂ ಮುಂದಕ್ಕೇ ನುಗ್ಗುವವರು, ಫೋರ್‌ಮನ್‌ಗೆ ಬೇಕಾದದ್ದೂ ಅದೇ. ಅಲಿ ಕೈಗೆ ಸಿಗದವರು. ನಾರ್ಟನ್ ಜ್ಯಾಬ್‌ನ ಲಯ ಕೆಡಿಸುವವರು. ಒಬ್ಬರ ಶೈಲಿ ಇನ್ನೊಬ್ಬರಿಗೆ ಬೀಗವೋ ಬೀಗದ ಕೈಯೋ ಆಗುತ್ತದೆ. ಸರಪಳಿ ಲೆಕ್ಕ ಹಾಕುವ ಹುಡುಗರಿಗೆ ನಾನು ಈ ನಾಲ್ವರ ಹೆಸರನ್ನು ಮರಳಿನ ಮೇಲೆ ಬರೆದು ಬಾಣದ ಗುರುತು ಹಾಕಿ ತೋರಿಸುತ್ತೇನೆ.

ಎರಡು ಕಾಲದ ಬಾಕ್ಸರ್‌ಗಳೊಂದಿಗೂ ಆಡಿದವರು ಇದ್ದಾರಲ್ಲ? ಅವರನ್ನು ಅಳತೆಗೋಲು ಮಾಡಬಾರದೇ?

ಮಾಡಬಹುದು, ಎಚ್ಚರದಿಂದ. ಕೊಂಡಿಗಳು ಸಾಲುಸಾಲಾಗಿ ಸಿಗುತ್ತವೆ. ಜೋ ಲೂಯಿಸ್ 1951ರಲ್ಲಿ ಮಾರ್ಸಿಯಾನೊಗೆ ಸೋತರು. ಮಾರ್ಸಿಯಾನೊ 1955ರಲ್ಲಿ ಕೊನೆಯದಾಗಿ ಎದುರಿಸಿದ ಆರ್ಚಿ ಮೂರ್, 1962ರಲ್ಲಿ ಅಲಿಗೆ ಸೋತರು. ಅಲಿ 1980ರಲ್ಲಿ ಲ್ಯಾರಿ ಹೋಮ್ಸ್‌ಗೆ, ಹೋಮ್ಸ್ 1988ರಲ್ಲಿ ಟೈಸನ್‌ಗೆ, ಟೈಸನ್ 2002ರಲ್ಲಿ ಲೆನಾಕ್ಸ್ ಲೂಯಿಸ್‌ಗೆ. ಐವತ್ತು ವರ್ಷದ ಸರಪಳಿ! ಆದರೆ ಪ್ರತಿ ಕೊಂಡಿಯಲ್ಲಿಯೂ ಸೋತವರು ಮುದುಕರು. ಜೋ ಲೂಯಿಸ್‌ಗೆ 37, ಅಲಿಗೆ 38, ಹೋಮ್ಸ್‌ಗೂ 38. ಹೊಸಬರು ಹಳಬರನ್ನು ಮೀರಿದರೆಂದು ಇದು ಹೇಳುವುದಿಲ್ಲ. ವಯಸ್ಸು ಎಲ್ಲರನ್ನೂ ಮೀರಿತು ಎನ್ನುತ್ತದೆ, ಅಷ್ಟೇ.

ಈ ಸಾಲಿಗೆ ಎದುರಾಗಿ ನಿಲ್ಲುವವರು ಫೋರ್‌ಮನ್. 1974ರಲ್ಲಿ ಅಲಿಗೆ ಸೋತ ಅವರು 1991ರಲ್ಲಿ, 42ನೆಯ ವಯಸ್ಸಿನಲ್ಲಿ, ಇವಾಂಡರ್ ಹೋಲಿಫೀಲ್ಡ್ ಎದುರು 12 ಸುತ್ತೂ ನಿಂತರು. 1994ರಲ್ಲಿ 45ರ ಹರೆಯದಲ್ಲಿ ಮೈಕೆಲ್ ಮೂರರ್‌ರನ್ನು ನಾಕೌಟ್ ಮಾಡಿ ಮತ್ತೆ ಚಾಂಪಿಯನ್ ಆದರು. ಎಪ್ಪತ್ತರ ದಶಕದ ಹೆವಿವೇಟ್‌ಗಳು ತೊಂಬತ್ತರ ದಶಕಕ್ಕೆ ಸಾಟಿಯಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಬಳಿ ಇಲ್ಲ.

ಕಂಪ್ಯೂಟರ್‌ಗೆ ಅಂಕಿಗಳನ್ನು ಕೊಟ್ಟು ಕೇಳಿದರೆ ಆಗದೇ?

ಅರ್ಧ ಶತಮಾನಕ್ಕೂ ಹಿಂದೆಯೇ ಕೇಳಿದ್ದಾರೆ. ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್ 1967ರಲ್ಲಿ ಎಲ್ಲ ಕಾಲದ ಹೆವಿವೇಟ್‌ಗಳ ವಿವರಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರ್‌ಗೆ ತುಂಬಿ, ಅದು ಕೊಟ್ಟ ಫಲಿತಾಂಶವನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ಬಿತ್ತರಿಸಿದರು. ಫೈನಲ್‌ನಲ್ಲಿ ಮಾರ್ಸಿಯಾನೊ ಜಾಕ್ ಡೆಂಪ್ಸಿಯನ್ನು ಸೋಲಿಸಿದರು. ಅಲಿ ಕ್ವಾರ್ಟರ್ ಫೈನಲ್‌ನಲ್ಲಿಯೇ ಜಿಮ್ ಜೆಫ್ರಿಸ್‌ಗೆ ಸೋತರು. ಅಲಿ ಸುಮ್ಮನಿರಲಿಲ್ಲ, ಮಾನಹಾನಿಯಾಯಿತೆಂದು 10 ಲಕ್ಷ ಡಾಲರ್‌ಗೆ ದಾವೆ ಹೂಡಿದರು.

ರಾಜಿಯ ದಾರಿಯಾಗಿ ಇನ್ನೊಂದು ಯೋಜನೆ ಹುಟ್ಟಿತು. 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಇಬ್ಬರನ್ನೂ ಮಯಾಮಿಯ ಸ್ಟುಡಿಯೊದಲ್ಲಿ ರಿಂಗ್‌ಗೆ ಇಳಿಸಿ, ಒಂದೊಂದು ನಿಮಿಷದ ಹತ್ತಾರು ತುಣುಕುಗಳನ್ನೂ ಹಲವು ಬಗೆಯ ಮುಕ್ತಾಯಗಳನ್ನೂ ಚಿತ್ರಿಸಿಕೊಂಡರು. 45ರ ಮಾರ್ಸಿಯಾನೊ ತೂಕ ಇಳಿಸಿ, ಬೋಳುತಲೆಗೆ ವಿಗ್ ಧರಿಸಿ ಬಂದಿದ್ದರು. ಅಲಿಗೆ ಆಗ ನಿಷೇಧದ ಕಾಲ. ಕೊನೆ ಏನೆಂದು ಇಬ್ಬರಿಗೂ ಹೇಳಿರಲಿಲ್ಲ. ಅದೇ ಆಗಸ್ಟ್ 31ರಂದು, ತಮ್ಮ 46ನೆಯ ಹುಟ್ಟುಹಬ್ಬದ ಹಿಂದಿನ ದಿನ, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1970ರ ಜನವರಿ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದಾಗ 13ನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದರು. ಬದುಕಿಲ್ಲದ ಮನುಷ್ಯ ನಡೆಯದ ಪಂದ್ಯ ಗೆದ್ದ ಆ ರಾತ್ರಿಯನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಕಂಪ್ಯೂಟರ್ ಬಗ್ಗೆ ನನ್ನ ಆಕ್ಷೇಪ ಇಷ್ಟೇ. ವೇಗಕ್ಕೆ ಎಷ್ಟು ಅಂಕ, ಎದೆಗಾರಿಕೆಗೆ ಎಷ್ಟು ಅಂಕ ಎಂದು ಬರೆದುಕೊಟ್ಟವರು ಮನುಷ್ಯರೇ. ಯಂತ್ರ ಅವರ ಅಭಿಪ್ರಾಯವನ್ನೇ ಕೂಡಿಸಿ ಹಿಂದಕ್ಕೆ ಕೊಟ್ಟಿತು.

ಅಜೇಯರಾಗಿ ಉಳಿದವರೇ ಶ್ರೇಷ್ಠರಲ್ಲವೇ?

ಮಾರ್ಸಿಯಾನೊ 49–0, ಮೇವೆದರ್ 50–0. ಎರಡೂ ದೊಡ್ಡ ಸಾಧನೆ. ಆದರೆ ರಾಬಿನ್‌ಸನ್ 1943ರಲ್ಲಿ ಮೊದಲ ಬಾರಿ ಸೋತದ್ದು ತಮಗಿಂತ ಸುಮಾರು 7 ಕಿಲೊ ಹೆಚ್ಚು ತೂಗುವ ಜೇಕ್ ಲಾಮೊಟಾಗೆ. ಅವರಿಬ್ಬರೂ ಆರು ಸಲ ಆಡಿದರು, ರಾಬಿನ್‌ಸನ್ ಐದು ಗೆದ್ದರು. ಸೋಲಿನ ಕಲಂ ಖಾಲಿ ಇದ್ದರೆ ಎದುರಿಗೆ ಯಾರಿದ್ದರು, ಅವರ ವಯಸ್ಸೆಷ್ಟು ಎಂದು ಕೇಳಿ. ಅಷ್ಟೇ.

ಹಳೆಯ ಚಿತ್ರಗಳಲ್ಲಿ ಬಾಕ್ಸರ್‌ಗಳು ಗೊಂಬೆಗಳ ಹಾಗೆ ಕಾಣುತ್ತಾರೆ. ಅವರು ನಿಜವಾಗಿಯೂ ನುರಿತವರೇ?

ಅದು ಕ್ಯಾಮೆರಾದ ದೋಷ. ಮೂಕಿ ಕಾಲದಲ್ಲಿ ಕೈಯಿಂದ ಹಿಡಿಕೆ ತಿರುಗಿಸಿ ಚಿತ್ರಿಸುತ್ತಿದ್ದರು. ಸೆಕೆಂಡಿಗೆ ಹದಿನಾರರ ಆಸುಪಾಸು ಚೌಕಟ್ಟುಗಳಲ್ಲಿ ಹಿಡಿದದ್ದನ್ನು 24ರ ವೇಗದಲ್ಲಿ ಓಡಿಸಿದರೆ ಯಾರಾದರೂ ಗೊಂಬೆಯೇ. ವೇಗ ಸರಿಪಡಿಸಿದ ಪ್ರತಿಯಲ್ಲಿ ಜಾಕ್ ಜಾನ್ಸನ್ ಅವರನ್ನು ನೋಡಿ. 1910ರ ಜುಲೈ 4ರಂದು ರೀನೊದಲ್ಲಿ ಜೆಫ್ರಿಸ್ ಎದುರು ಅವರು ಗುದ್ದು ಹೊರಡುವ ಮೊದಲೇ ಎದುರಾಳಿಯ ತೋಳನ್ನು ಅಂಗೈಯಿಂದ ತಡೆಯುತ್ತಾರೆ. ಎಷ್ಟು ನಿಧಾನ, ಎಷ್ಟು ನೆಮ್ಮದಿ!

ಚಿತ್ರವೇ ಇಲ್ಲದವರ ಕಥೆ ಬೇರೆ. 1922ರಲ್ಲಿ ಜೀನ್ ಟನ್ನಿಗೆ ಅವರ ಜೀವನದ ಏಕೈಕ ಸೋಲು ಕೊಟ್ಟ ಹ್ಯಾರಿ ಗ್ರೆಬ್ ಸುಮಾರು 300 ಪಂದ್ಯ ಆಡಿದವರು. ಅವರ ಅಭ್ಯಾಸದ ತುಣುಕು ಉಳಿದಿದೆ, ಪಂದ್ಯದ ಒಂದು ದೃಶ್ಯವೂ ಉಳಿದಿಲ್ಲ. ನಮ್ಮ ಜಗುಲಿಯಲ್ಲಿ ಗ್ರೆಬ್ ಅವರನ್ನು ಯಾರ ಎದುರೂ ಇಳಿಸುವುದಿಲ್ಲ. ಹೆಸರು ಹೇಳಿ ಒಂದು ಕ್ಷಣ ಸುಮ್ಮನಾಗುತ್ತೇವೆ.

ನಿಯಮಗಳು ಅಷ್ಟೊಂದು ಬದಲಾಗಿವೆಯೇ?

1919ರಲ್ಲಿ ಜೆಸ್ ವಿಲ್ಲರ್ಡ್ ಎದುರು ಡೆಂಪ್ಸಿ ಮೊದಲ ಸುತ್ತಿನಲ್ಲೇ ಏಳು ಸಲ ಅವರನ್ನು ಕೆಡವಿದರು. ಪ್ರತಿ ಸಲ ಪಕ್ಕದಲ್ಲೇ ನಿಂತು, ವಿಲ್ಲರ್ಡ್ ಮೊಣಕಾಲು ಎತ್ತುತ್ತಿದ್ದಂತೆ ಮತ್ತೆ ಹೊಡೆಯುತ್ತಿದ್ದರು; ಅಂದು ಅದು ನಿಷಿದ್ಧವಲ್ಲ. 1927ರಲ್ಲಿ ಶಿಕಾಗೋದಲ್ಲಿ ಟನ್ನಿ ಬಿದ್ದಾಗ, ಕೆಡವಿದವರು ದೂರದ ಮೂಲೆಗೆ ಹೋಗಬೇಕೆಂಬ ನಿಯಮವನ್ನು ಡೆಂಪ್ಸಿ ತಕ್ಷಣ ಪಾಲಿಸಲಿಲ್ಲ, ರೆಫರಿಯ ಎಣಿಕೆ ತಡವಾಯಿತು. ಟನ್ನಿಗೆ ಸುಮಾರು 14 ಸೆಕೆಂಡು ಸಿಕ್ಕಿತು. ಎದ್ದು ಗೆದ್ದರು. ‘1919ರ ಡೆಂಪ್ಸಿ’ ಎನ್ನುವಾಗ ಆ ಕಾಲದ ಅಂಕಣವೂ ಅವರ ಜೊತೆ ಬರುತ್ತದೆಯೇ ಎಂದು ಕೇಳಲೇಬೇಕು.

ಪಂದ್ಯ ಕಾರವಾರದಲ್ಲೇ ನಡೆದರೆ?

ಹುಡುಗನೊಬ್ಬ ಮೇ ತಿಂಗಳ ಸಂಜೆ ಕೇಳಿದ್ದು. ಒಳ್ಳೆಯ ಪ್ರಶ್ನೆ, ಏಕೆಂದರೆ ಸೆಕೆಯೂ ಒಬ್ಬ ಎದುರಾಳಿ. 1952ರ ಜೂನ್ 25ರಂದು ನ್ಯೂಯಾರ್ಕ್‌ನ ಯಾಂಕಿ ಕ್ರೀಡಾಂಗಣದಲ್ಲಿ ರಾಬಿನ್‌ಸನ್ ತಮಗಿಂತ ಭಾರದ ಜೋಯಿ ಮ್ಯಾಕ್ಸಿಮ್ ಎದುರು ಆಡಿದರು. ರಿಂಗ್‌ನ ದೀಪಗಳ ಕೆಳಗೆ 40 ಡಿಗ್ರಿಯ ಆಸುಪಾಸು ಉರಿ. ಹತ್ತು ಸುತ್ತಿನ ಬಳಿಕ ರೆಫರಿ ರೂಬಿ ಗೋಲ್ಡ್‌ಸ್ಟೀನ್ ಅವರೇ ಬಳಲಿ ಇನ್ನೊಬ್ಬರು ಬರಬೇಕಾಯಿತು. ಅಂಕದಲ್ಲಿ ಬಹಳ ಮುಂದಿದ್ದ ರಾಬಿನ್‌ಸನ್ 14ನೆಯ ಸುತ್ತಿಗೆ ಕುರ್ಚಿಯಿಂದ ಏಳಲಾಗಲಿಲ್ಲ.

ಕಾರವಾರದ ಮೇ ತಿಂಗಳಲ್ಲಿ ಬೆವರು ಆರುವುದಿಲ್ಲ, ಮೈಮೇಲೇ ಕೂರುತ್ತದೆ. ಇಲ್ಲಿ 15 ಸುತ್ತಾದರೆ ನಾನು ಕುಣಿಯುವವರ ಮೇಲೆ ನಂಬಿಕೆ ಇಡುವುದಿಲ್ಲ, ನಿಂತಲ್ಲೇ ಕೆಲಸ ಮಾಡುವ ಜೋ ಲೂಯಿಸ್‌ ಅಂಥವರ ಮೇಲೆ ಇಡುತ್ತೇನೆ. 1966ರ ಅಲಿಯ ಕಾಲುಗಳೂ ಇಲ್ಲಿ ಎಂಟನೆಯ ಸುತ್ತಿಗೆ ಭಾರವಾಗುತ್ತವೆ. ಆಗ ಮೇಲೆ ಕೊಟ್ಟ ನನ್ನ ಉತ್ತರ ಬದಲಾಗುತ್ತದೆಯೇ? ಇಲ್ಲ, ಟೈಸನ್ ಅದಕ್ಕೂ ಮೊದಲೇ ದಣಿಯುತ್ತಾರೆ. ಡಿಸೆಂಬರ್‌ನಲ್ಲಿ ಇಟ್ಟುಕೊಂಡರೆ ಇಬ್ಬರಿಗೂ ಒಳ್ಳೆಯದು.

ಮೇರಿ ಕೋಮ್ ಮತ್ತು ನಿಖತ್ ಜರೀನ್ ನಿಜವಾಗಿಯೇ ಆಡಿದ್ದಾರಲ್ಲ? ಅದು ತೀರ್ಪಲ್ಲವೇ?

2019ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ, ಒಲಿಂಪಿಕ್ಸ್ ಅರ್ಹತಾ ಟೂರ್ನಿಯ ಆಯ್ಕೆಗಾಗಿ ಇಬ್ಬರೂ ಎದುರಾದರು. ಮೇರಿ 9–1ರಿಂದ ಗೆದ್ದರು. ಆದರೆ ಮೇರಿಗೆ ಆಗ 37, ನಿಖತ್‌ಗೆ 23. ಮೇರಿಯ ಆರು ವಿಶ್ವ ಪ್ರಶಸ್ತಿಗಳಲ್ಲಿ ಐದು 2002ರಿಂದ 2010ರ ನಡುವಿನವು. ನಿಖತ್ ವಿಶ್ವ ಚಾಂಪಿಯನ್ ಆದದ್ದು 2022ರಲ್ಲಿ, ಮತ್ತೆ 2023ರಲ್ಲಿ. ಒಬ್ಬರ ಏರುಕಾಲ ಮುಗಿದಿತ್ತು, ಇನ್ನೊಬ್ಬರದು ಬಂದಿರಲಿಲ್ಲ. ನಿಜವಾಗಿ ನಡೆದ ಪಂದ್ಯವೂ ನಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ!

ಮೇರಿಯ ಸಹಜ ತೂಕ 46–48 ಕಿಲೊ. 2012ರ ಲಂಡನ್‌ನಲ್ಲಿ 48ರ ವರ್ಗವೇ ಇಲ್ಲದ ಕಾರಣ 51ಕ್ಕೆ ಏರಿ ಕಂಚು ತಂದರು. ನಿಖತ್‌ರ ಚಿನ್ನಗಳು 52 ಮತ್ತು 50ರಲ್ಲಿ. ನನ್ನ ತೀರ್ಮಾನ ಹೀಗೆ: 48 ಕಿಲೊದಲ್ಲಿ 2010ರ ಮೇರಿ, 51–52ರಲ್ಲಿ 2022ರ ನಿಖತ್. ನಿಖತ್‌ರ ತೋಳು ಉದ್ದ, ದೂರದಿಂದ ಹೊಡೆಯಬಲ್ಲರು. ಮೇರಿ ಒಳನುಗ್ಗಿ ಎರಡು ಕೊಟ್ಟು ಹೊರಬರುವವರು, ಆದರೆ ಮೂರು ನಾಲ್ಕು ಕಿಲೊ ಹೆಚ್ಚು ಹೊತ್ತುಕೊಂಡು ಹೊರಬರುವುದು ತಡವಾಗುತ್ತದೆ.

ಡಿಂಗ್ಕೊ ಸಿಂಗ್ ಇಂದಿನ ನಿಯಮದಲ್ಲಿ ಗೆಲ್ಲುತ್ತಿದ್ದರೇ?

ಇನ್ನೂ ಸುಲಭವಾಗಿ ಗೆಲ್ಲುತ್ತಿದ್ದರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ 54 ಕಿಲೊ ಚಿನ್ನ ಗೆದ್ದಾಗ ಇದ್ದದ್ದು ಗುಂಡಿ ಒತ್ತುವ ಅಂಕಪದ್ಧತಿ. ತೀರ್ಪುಗಾರರು ಹೆಚ್ಚೂಕಡಿಮೆ ಒಂದೇ ಕ್ಷಣದಲ್ಲಿ ಒತ್ತಿದರೆ ಮಾತ್ರ ಅಂಕ. ಪಕ್ಕೆಗೆ ಬಿದ್ದ ಗುದ್ದುಗಳು ಬಹಳ ಸಲ ಲೆಕ್ಕಕ್ಕೇ ಬರುತ್ತಿರಲಿಲ್ಲ. 2013ರಲ್ಲಿ ಪುರುಷರಿಗೆ ತಲೆಗವಚವೂ ಹೋಯಿತು, ಗುಂಡಿಯೂ ಹೋಯಿತು. ಸುತ್ತಿನಲ್ಲಿ ಮೇಲುಗೈ ಯಾರದೆಂದು ನೋಡಿ ಅಂಕ ಕೊಡತೊಡಗಿದರು. ಡಿಂಗ್ಕೊ ಅವರಂಥ ಬಿಸಿ ನೆತ್ತರಿನ ಆಕ್ರಮಣಕ್ಕೆ ಹೇಳಿ ಮಾಡಿಸಿದ ಪದ್ಧತಿ. ಅವರು ನೌಕಾಪಡೆಯ ಮನುಷ್ಯ. ಅರ್ಗಾದ ನೌಕಾನೆಲೆಯ ಮುಂದೆ ಬಸ್ಸಿನಲ್ಲಿ ಹಾಯುವಾಗ ನನಗೆ ಅವರ ನೆನಪಾಗುತ್ತದೆ. ತಮ್ಮನ್ನು ಬಾಕ್ಸಿಂಗ್‌ಗೆ ಎಳೆದದ್ದು ಅವರ ಚಿನ್ನವೇ ಎಂದು ಮೇರಿ ಹೇಳಿಕೊಂಡಿದ್ದಾರೆ.

ಹಳಿಯಾಳದ ಪೈಲ್ವಾನರನ್ನು ಬಾಕ್ಸರ್ ಎದುರು ಇಳಿಸಿದರೆ?

ಕುಸ್ತಿಯ ಮಣ್ಣು ಬೇರೆ, ಬಾಕ್ಸಿಂಗ್‌ನ ಹಗ್ಗ ಬೇರೆ. ಈ ಪ್ರಶ್ನೆಯನ್ನು ನಾವು ತೆಗೆದುಕೊಳ್ಳುವುದಿಲ್ಲ.

ನಾನೂ ವಾದಕ್ಕೆ ಕೂರಬೇಕು. ಯಾವ ಪಂದ್ಯಗಳನ್ನು ಮೊದಲು ನೋಡಲಿ?

ನಾಲ್ಕು ಸಾಕು. ಲೂಯಿಸ್–ಕಾನ್ 1941, ಅಲಿ–ವಿಲಿಯಮ್ಸ್ 1966, ಹ್ಯಾಗ್ಲರ್–ಹರ್ನ್ಸ್ 1985, ಡಗ್ಲಾಸ್–ಟೈಸನ್ 1990. ಹ್ಯಾಗ್ಲರ್–ಹರ್ನ್ಸ್ ಮೂರೇ ಸುತ್ತು, ಊಟಕ್ಕೆ ಮೊದಲು ಮುಗಿಯುತ್ತದೆ. ಉಳಿದವನ್ನು ಎರಡೆರಡು ಸಲ ನೋಡಿ: ಮೊದಲ ಸಲ ಕೈಗಳನ್ನು, ಎರಡನೆಯ ಸಲ ಕಾಲುಗಳನ್ನು ಮಾತ್ರ. ಧ್ವನಿ ಪೂರ್ತಿ ಮುಚ್ಚಿಡಿ, ಇಲ್ಲದಿದ್ದರೆ ವಿವರಣೆಕಾರರ ಕೂಗು ನಿಮ್ಮ ಕಣ್ಣನ್ನು ಎಳೆಯುತ್ತದೆ. ಪ್ರತಿ ಸುತ್ತು ಮುಗಿದಾಗ ಗೆದ್ದವರಿಗೆ 10, ಸೋತವರಿಗೆ 9 ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ, ತೀರ್ಪುಗಾರರ ಲೆಕ್ಕವನ್ನು ಆಮೇಲೆ ನೋಡಿ. ಸಂಜೆ ಆರರ ಹೊತ್ತಿಗೆ ನಾವು ಕಡಲತೀರದಲ್ಲಿಯೇ ಇರುತ್ತೇವೆ. ಕಾಗದ ಮರೆಯದೆ ತನ್ನಿ.